ಗುಂಡು ಹಾರಿಸದ ಕೋಟೆಯನ್ನು ನೋಡಿ ನಗಬೇಡಿ: ಕೆನಡಾದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಕೆನಡಾದ ಕನ್ನಡ ಸಂಘಗಳ ಮಾನ್ಯ ಅಧ್ಯಕ್ಷರಿಗೆ, ಪದಾಧಿಕಾರಿಗಳಿಗೆ ಮತ್ತು ನಮ್ಮವರಿಗಾಗಿ ಬೇಸಿಗೆ ಪ್ರವಾಸಗಳನ್ನು ಏರ್ಪಡಿಸುವ ಎಲ್ಲ ಬಂಧುಗಳಿಗೆ,

ನಮಸ್ಕಾರಗಳು.

ನಾನು ಮಂಗಳೂರಿನ ಬೋಳೂರಿನವಳು. ಊರಿನ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಿವೃತ್ತಿಯ ಬಳಿಕ ಮಗನ ಸಂಸಾರದ ಜೊತೆ ವಿನ್ನಿಪೆಗ್‌ನಲ್ಲಿ ಇದ್ದೇನೆ. ಒಂದು ಆಗಸ್ಟಿನಲ್ಲಿ ನಮ್ಮ ಕಡೆಯವರೇ ಏರ್ಪಡಿಸಿದ ಪ್ರವಾಸದಲ್ಲಿ ಇಪ್ಪತ್ತೆರಡು ಜನ ಕನ್ನಡಿಗರೊಡನೆ ಹಡ್ಸನ್ ಕೊಲ್ಲಿಯ ದಡದ ಚರ್ಚಿಲ್‌ಗೆ ಹೋಗಿ ಬಂದೆ. ಅಲ್ಲಿ ಕಂಡದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಸುಮ್ಮನಿರಲು ಆಗಲಿಲ್ಲ. ಯಾರನ್ನೂ ಹೆಸರು ಹಿಡಿದು ದೂರುವುದು ನನ್ನ ಉದ್ದೇಶವಲ್ಲ. ಏರ್ಪಡಿಸಿದವರು ಒಳ್ಳೆಯವರು. ನನ್ನಂಥ ವಯಸ್ಸಾದವಳನ್ನು ಕೈಹಿಡಿದು ದೋಣಿ ಹತ್ತಿಸಿದರು. ಆದರೂ ಅಂದು ಒಂದು ತಪ್ಪಾಯಿತು. ಅದು ಮುಂದಿನ ಪ್ರವಾಸಗಳಲ್ಲಿಯೂ ಆಗಬಾರದೆಂದು ಬರೆಯುತ್ತಿದ್ದೇನೆ.

ಚರ್ಚಿಲ್‌ಗೆ ರಸ್ತೆಯಿಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೆ ವಿನ್ನಿಪೆಗ್‌ನಿಂದ ಎರಡು ದಿನ ರೈಲಿನಲ್ಲಿ ಕೂರಬೇಕು. ಸಾವಿರ ಜನವೂ ಇಲ್ಲದ ಊರು. ಅಲ್ಲಿಗೆ ಎಲ್ಲರೂ ಹೋಗುವುದು ಹಿಮಕರಡಿ ನೋಡಲಿಕ್ಕೆ, ಬೇಸಿಗೆಯಾದರೆ ಬಿಳಿ ಬೆಲೂಗಾ ತಿಮಿಂಗಿಲ ನೋಡಲಿಕ್ಕೆ. ಊರಿನಿಂದ ಚರ್ಚಿಲ್ ನದಿಯ ಅಳಿವೆ ದಾಟಿದರೆ ಆಚೆ ದಡದ ಬೋಳು ಬಂಡೆಗಳ ಮೇಲೆ ನಕ್ಷತ್ರದ ಆಕಾರದ ಒಂದು ಕಲ್ಲಿನ ಕೋಟೆ ಇದೆ. ಅದರ ಹೆಸರು ಪ್ರಿನ್ಸ್ ಆಫ್ ವೇಲ್ಸ್ ಕೋಟೆ. ನಮ್ಮ ಪ್ರವಾಸಪಟ್ಟಿಯಲ್ಲಿ ಅದಕ್ಕೆ ನಲವತ್ತು ನಿಮಿಷ ಇತ್ತು.

ದೋಣಿಯಿಂದ ಇಳಿದೆವು. ಕರಡಿ ಬಂದೀತೆಂದು ಬಂದೂಕು ಹಿಡಿದ ಕಾವಲಿನವರು ಮುಂದೆ, ನಾವು ಹಿಂದೆ. ಕೋಟೆಯ ಬಾಗಿಲಲ್ಲಿ ನಮ್ಮ ಮುಖಂಡರು ಕನ್ನಡದಲ್ಲಿ ಹೇಳಿದ್ದು ಇಷ್ಟೇ: "ನಲವತ್ತು ವರ್ಷ ಕಷ್ಟಪಟ್ಟು ಕಟ್ಟಿದರು. ಫ್ರೆಂಚರು ಬಂದಾಗ ಒಂದೇ ಒಂದು ಗುಂಡೂ ಹಾರಿಸದೆ ಬಿಟ್ಟುಕೊಟ್ಟರು." ಎಲ್ಲರೂ ನಕ್ಕರು. ಮಕ್ಕಳು ಫಿರಂಗಿಗಳ ಮೇಲೆ ಕುದುರೆ ಸವಾರಿಯಂತೆ ಕೂತು ಫೋಟೊ ತೆಗೆಸಿಕೊಂಡರು. ಅಲ್ಲಿನ ಮಾರ್ಗದರ್ಶಿ ಹೆಣ್ಣುಮಗಳು ಆ ನೆಲದ ಮೂಲನಿವಾಸಿಗಳಾದ ಡೆನೆ ಜನರ ವಿಷಯ ಹೇಳಲು ಬಾಯಿ ತೆರೆದಾಗ ನಮ್ಮಲ್ಲಿ ಅರ್ಧ ಜನ ಆಗಲೇ ದೋಣಿಯ ಕಡೆ ನಡೆಯುತ್ತಿದ್ದರು. ಒಬ್ಬ ಹುಡುಗ, ಎಂಟೊಂಬತ್ತು ವರ್ಷದವನಿರಬೇಕು, "ಅಜ್ಜಿ, ಇದರೊಳಗೆ ಯಾರು ಇದ್ದರು?" ಎಂದು ನನ್ನನ್ನು ಕೇಳಿದ. ಉತ್ತರ ಹೇಳುವಷ್ಟರಲ್ಲಿ ಅವನ ಅಮ್ಮ ಕರೆದರು, ಅವನು ಓಡಿದ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಉತ್ತರ ಹೇಳದೆ ಬಿಟ್ಟ ಪ್ರಶ್ನೆ ಸುಮ್ಮನಿರಲು ಬಿಡುವುದಿಲ್ಲ. ಅವನಿಗೆ ಹೇಳಬೇಕಿದ್ದುದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಕೋಟೆಯ ಕತೆ ಆರಂಭವಾಗುವುದು ಒಬ್ಬ ಹೆಂಗಸಿನಿಂದ. 1670ರಲ್ಲಿ ಇಂಗ್ಲೆಂಡಿನ ರಾಜನಿಂದ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ ಈ ಕೊಲ್ಲಿಯ ದಡದಲ್ಲಿ ತುಪ್ಪಳದ ವ್ಯಾಪಾರ ಮಾಡುತ್ತಿತ್ತು. ನಮ್ಮಲ್ಲಿಗೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಹಾಗೆ ಇದೂ ಲಂಡನ್ನಿನ ಷೇರುದಾರರ ಕಂಪನಿಯೇ. ಬಂದೂಕು ಮೊದಲು ಸಿಕ್ಕಿದ್ದು ದಕ್ಷಿಣದ ಇನ್ನೊಂದು ಮೂಲನಿವಾಸಿ ಪಂಗಡವಾದ ಕ್ರೀ ಜನರಿಗೆ. ಬಂದೂಕಿಲ್ಲದ ಉತ್ತರದ ಡೆನೆ ಜನ ಅವರಿಗೆ ಹೆದರಿ ಕೊಲ್ಲಿಯ ಕಡೆಗೇ ಬರುತ್ತಿರಲಿಲ್ಲ. 1713ರಲ್ಲಿ ಕ್ರೀಗಳು ಸೆರೆಹಿಡಿದ ಥಾನಾಡೆಲ್ತೂರ್ ಎಂಬ ಡೆನೆ ಯುವತಿ ಮರುವರ್ಷ ತಪ್ಪಿಸಿಕೊಂಡು, ಹಸಿವು ಚಳಿಗಳಲ್ಲಿ ಅಲೆದು ಯಾರ್ಕ್ ಫ್ಯಾಕ್ಟರಿ ಎಂಬ ಕಂಪನಿಯ ಠಾಣೆ ತಲುಪಿದಳು. ಅಲ್ಲಿನ ಗವರ್ನರ್ ಜೇಮ್ಸ್ ನೈಟ್ 1715ರಲ್ಲಿ ಒಂದು ದೊಡ್ಡ ಕ್ರೀ ತಂಡದ ಜೊತೆ ಅವಳನ್ನು ಸಂಧಾನಕ್ಕೆ ಕಳಿಸಿದ. ಅವಳು ತನ್ನ ಜನರನ್ನು ಹುಡುಕಿ, ಗಂಟಲು ಕಟ್ಟುವ ತನಕ ಮಾತಾಡಿ, ಎರಡು ಕಡೆಯವರಿಗೂ ರಾಜಿ ಮಾಡಿಸಿದಳು. 1717ರ ಫೆಬ್ರವರಿಯಲ್ಲಿ ಕಾಯಿಲೆ ಬಿದ್ದು ತೀರಿಕೊಂಡಳು. ಅದೇ ವರ್ಷ ನೈಟ್ ಚರ್ಚಿಲ್ ನದಿಯ ದಡದಲ್ಲಿ ಡೆನೆಗಳ ಜೊತೆಗಿನ ವ್ಯಾಪಾರಕ್ಕೆಂದು ಮರದ ಠಾಣೆ ಕಟ್ಟಿದ. ಕಲ್ಲಿನ ಕೋಟೆ ಬಂದದ್ದು ಆ ಠಾಣೆಯ ಬೆನ್ನಿಗೆ. ಥಾನಾಡೆಲ್ತೂರ್ ಮಾಡಿಸಿದ ರಾಜಿ ಇಲ್ಲದಿದ್ದರೆ ಈ ಅಳಿವೆಯಲ್ಲಿ ಕೋಟೆಯ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮ ಇಪ್ಪತ್ತೆರಡು ಜನರಲ್ಲಿ ಒಬ್ಬರೂ ಅವಳ ಹೆಸರು ಕೇಳದೆ ವಾಪಸಾದರು.

1730ರ ದಶಕದ ಆರಂಭದಲ್ಲಿ ಕೋಟೆಯ ಕೆಲಸ ಶುರುವಾಯಿತು. ಮುಗಿದದ್ದು 1771ರಲ್ಲಿ. ಫ್ರೆಂಚರ ಭಯಕ್ಕೆ ಕಂಪನಿ ಮಾಡಿದ ಏರ್ಪಾಡು ಅದು: ನಾಲ್ಕು ಮೂಲೆಗೆ ನಾಲ್ಕು ಕೊತ್ತಲ, ಬುಡದಲ್ಲಿ ಸುಮಾರು 11 ಮೀಟರ್ ದಪ್ಪದ ಗೋಡೆ, ಮೇಲೆ 40ರಷ್ಟು ಫಿರಂಗಿ. ಅಳಿವೆಯ ಈಚೆ ದಡದ ಕೇಪ್ ಮೆರಿಯಲ್ಲಿ ಬಾಗಿಲು ಕಾಯಲು ಇನ್ನೊಂದು ಸಣ್ಣ ಬತ್ತೇರಿ. ಅದನ್ನು ನೋಡಿದಾಗ ನನಗೆ ನಮ್ಮ ಬೋಳೂರಿನ ಸುಲ್ತಾನ್ ಬತ್ತೇರಿಯೇ ಕಣ್ಣ ಮುಂದೆ ಬಂತು. ಗುರುಪುರ ಹೊಳೆಯೊಳಗೆ ಹಡಗು ನುಗ್ಗದಂತೆ ಟಿಪ್ಪು ಕಟ್ಟಿಸಿದ ಆ ಕಪ್ಪು ಕಲ್ಲಿನ ಕಾವಲು ಕಟ್ಟಡಕ್ಕೂ ಈ ಹಿಮದ ನಾಡಿನ ಬತ್ತೇರಿಗೂ ಕೆಲಸ ಒಂದೇ, ಕಾಲವೂ ಹೆಚ್ಚುಕಡಿಮೆ ಒಂದೇ.

ಅಲ್ಲಿ ಇದ್ದವರು ಯಾರು? ಸೈನಿಕರಲ್ಲ. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು, ಲೆಕ್ಕ ಬರೆಯುವವರು. ವರ್ಷಕ್ಕೊಮ್ಮೆ, ಹಿಮ ಕರಗಿದ ಕೆಲವೇ ವಾರಗಳಲ್ಲಿ, ಇಂಗ್ಲೆಂಡಿನಿಂದ ಹಡಗು ಬರಬೇಕು. ಸುತ್ತ ಮರವಿಲ್ಲದ್ದರಿಂದ ಒಲೆಯ ಸೌದೆಗೆ ನದಿಯ ಮೇಲ್ಗಡೆ ಮೈಲಿಗಟ್ಟಲೆ ಹೋಗಬೇಕು. 1768ರಲ್ಲಿ ವಿಲಿಯಂ ವೇಲ್ಸ್ ಮತ್ತು ಜೋಸೆಫ್ ಡೈಮಂಡ್ ಎಂಬ ಇಬ್ಬರು ಈ ಕೋಟೆಗೆ ಬಂದು, ಮರುವರ್ಷ ಜೂನ್ 3ರಂದು ಸೂರ್ಯಬಿಂಬದ ಮೇಲೆ ಶುಕ್ರಗ್ರಹ ಹಾದುಹೋಗುವುದನ್ನು ನೋಡಿ ಲೆಕ್ಕ ಬರೆದುಕೊಂಡರು. ಆ ಒಂದು ದಿನಕ್ಕಾಗಿ ಇಡೀ ಚಳಿಗಾಲ ಅಲ್ಲೇ ಕಳೆದರು. ಬೆಳಗ್ಗೆ ಏಳುವಾಗ ಹಾಸಿಗೆ ಹಲಗೆಗೆ ಹೆಪ್ಪುಗಟ್ಟಿ ಅಂಟಿಕೊಂಡಿರುತ್ತಿತ್ತು ಎಂದು ವೇಲ್ಸ್ ಬರೆದಿದ್ದಾನೆ. ನಮ್ಮ ಮಕ್ಕಳಲ್ಲಿ ವಿಜ್ಞಾನ ಓದುವವರು ಎಷ್ಟು ಜನ! ಈ ಒಂದು ಸಂಗತಿ ಹೇಳಿದ್ದರೆ ಅವರೇ ಇನ್ನೂ ಒಂದು ಗಂಟೆ ಬೇಕೆಂದು ಹಟ ಹಿಡಿಯುತ್ತಿದ್ದರು.

ಡೆನೆಗಳಿಗೂ ಕೋಟೆಗೂ ನಡುವಿನ ಕೊಂಡಿಯಾಗಿದ್ದವನು ಮಟೋನಾಬಿ. ಕೋಟೆಯಲ್ಲಿಯೇ ಹುಟ್ಟಿದ ಡೆನೆ ಮುಖಂಡ. ಕಂಪನಿಯ ಸ್ಯಾಮ್ಯುಯೆಲ್ ಹರ್ನ್ ಉತ್ತರದ ತಾಮ್ರದ ನದಿ ಹುಡುಕಲು ಎರಡು ಸಲ ಹೊರಟು ಸೋತು ಬಂದಾಗ, ಹೆಂಗಸರಿಲ್ಲದೆ ಹೋದದ್ದೇ ತಪ್ಪು ಎಂದು ಹೇಳಿದವನು ಇವನೇ. ಹೊರೆ ಹೊರುವುದು, ಡೇರೆ ಹೂಡುವುದು, ಬಟ್ಟೆ ಮೆಟ್ಟು ಹೊಲಿಯುವುದು, ಚಳಿಯಲ್ಲಿ ಮೈ ಬೆಚ್ಚಗಿರುವಂತೆ ನೋಡಿಕೊಳ್ಳುವುದು ಅವರಿಂದಲೇ ಆಗಬೇಕಿತ್ತು. 1770ರ ಡಿಸೆಂಬರಿನಲ್ಲಿ ಮೂರನೇ ಸಲ ಮಟೋನಾಬಿಯ ಬೆನ್ನು ಹಿಡಿದು ಹೊರಟ ಹರ್ನ್ ಕಾಲ್ನಡಿಗೆಯಲ್ಲೇ ಉತ್ತರ ಧ್ರುವ ಸಾಗರದ ದಡ ಮುಟ್ಟಿದ. ನೆಲದ ಮೇಲಿಂದ ಅಲ್ಲಿಗೆ ಹೋದ ಮೊದಲ ಯುರೋಪಿಯನ್ ಎಂದು ಪುಸ್ತಕಗಳು ಅವನ ಹೆಸರು ಬರೆದುಕೊಂಡವು. ದಾರಿ ತೋರಿದವನ ಹೆಸರು, ಹೊರೆ ಹೊತ್ತ ಹೆಂಗಸರ ಹೆಸರು ಹೇಳುವವರು ಕಡಿಮೆ.

ಇನ್ನು ಫ್ರೆಂಚರು ಬಂದ ಆ 1782. ನಗು ಬಂದದ್ದು ಇದಕ್ಕಲ್ಲವೆ?

ಆ ಆಗಸ್ಟಿನಲ್ಲಿ ಲಾ ಪೆರೂಸ್ ಎಂಬ ಫ್ರೆಂಚ್ ನೌಕಾಧಿಕಾರಿ ಮೂರು ಯುದ್ಧ ಹಡಗುಗಳೊಡನೆ ಅಳಿವೆಗೆ ಬಂದ. ಒಂದರಲ್ಲೇ 74 ಫಿರಂಗಿಗಳು. ಹಡಗುಗಳಲ್ಲಿ ನೂರಾರು ಸೈನಿಕರು. ಕೋಟೆಯ ಗವರ್ನರ್ ಆಗ ಹರ್ನ್. ಅವನ ಬಳಿ ಇದ್ದದ್ದು 39 ಜನ ಕೆಲಸಗಾರರು. 40 ಫಿರಂಗಿಗೆ 39 ಆಳು. ಒಂದು ಫಿರಂಗಿ ನಡೆಸಲು ಎಷ್ಟು ಜನ ಬೇಕೆಂದು ತಿಳಿದವರು ನಗಲಾರರು. ಹರ್ನ್ ಕೋಟೆ ಒಪ್ಪಿಸಿದ. ಅವನ ಆಳುಗಳ ಜೀವ ಉಳಿಯಿತು. ಅದರಲ್ಲಿ ನಾಚಿಕೆಪಡುವುದು ಏನಿದೆ ಎಂದು ನಾನು ಕೇಳುತ್ತೇನೆ. ನಮ್ಮ ಮಂಗಳೂರು ಕೋಟೆಯಲ್ಲಿ ಇದಾದ ಮರುವರ್ಷ ಟಿಪ್ಪುವಿನ ಮುತ್ತಿಗೆಗೆ ಸಿಕ್ಕ ಇಂಗ್ಲಿಷ್ ಪಡೆ ತಿಂಗಳುಗಟ್ಟಲೆ ಹಿಡಿದು ನಿಂತು, ಹಸಿವು ರೋಗಗಳಿಂದ ಸೊರಗಿ, 1784ರ ಜನವರಿಯ ಕೊನೆಗೆ ಒಪ್ಪಿಸಿತು. ಅದನ್ನು ಶೌರ್ಯ ಎಂದು ನಾನೇ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಒಳಗೆ ಸತ್ತವರ ಲೆಕ್ಕ ಮಾತ್ರ ಹೇಳಿರಲಿಲ್ಲ.

ಫ್ರೆಂಚರು ತುಪ್ಪಳದ ದಾಸ್ತಾನು ಹೊತ್ತರು, ಕಟ್ಟಡ ಸುಟ್ಟರು, ಫಿರಂಗಿಗಳನ್ನು ಕೆಡಿಸಿದರು, ಗೋಡೆಗಳ ಬುಡಕ್ಕೆ ಮದ್ದಿಟ್ಟು ಸಿಡಿಸಲು ನೋಡಿದರು. ಗೋಡೆ ಪೂರ್ತಿ ಬೀಳಲಿಲ್ಲ. ಬಳಿಕ ಹೊರಟುಹೋದರು. ಸೆರೆಯಾದ ಹರ್ನ್ ಬಳಿ ಇದ್ದ ಪ್ರಯಾಣದ ಹಸ್ತಪ್ರತಿಯನ್ನು, ಅಚ್ಚು ಹಾಕಿಸಬೇಕೆಂಬ ಷರತ್ತಿನ ಮೇಲೆ, ಲಾ ಪೆರೂಸ್ ಅವನಿಗೇ ಹಿಂತಿರುಗಿಸಿದ. ಅದು 1795ರಲ್ಲಿ, ಹರ್ನ್ ತೀರಿಕೊಂಡ ಮೇಲೆ, ಪ್ರಕಟವಾಯಿತು. ದೊಡ್ಡ ದೇಶಗಳ ದೊಡ್ಡ ಮನುಷ್ಯರ ನಡುವೆ ಎಲ್ಲವೂ ಮರ್ಯಾದೆಯಿಂದಲೇ ಮುಗಿಯಿತು.

ಮುಗಿಯದೆ ಉಳಿದದ್ದು ಡೆನೆಗಳ ಪಾಲಿಗೆ. ಅರವತ್ತು ವರ್ಷದಲ್ಲಿ ಅವರ ಬೇಟೆ ಬಂದೂಕಿಗೆ ಒಗ್ಗಿಹೋಗಿತ್ತು. ಮದ್ದುಗುಂಡು ಸಿಗುತ್ತಿದ್ದದ್ದು ಈ ಕೋಟೆಯಲ್ಲಿ. ಉಗ್ರಾಣ ಹಾಳಾದ ಮೇಲೆ ಮುಂದಿನ ಹಡಗಿಗೆ ಒಂದು ವರ್ಷ ಕಾಯಬೇಕು. ಅದರ ಜೊತೆಗೇ ಸಿಡುಬು ಬಂದಿತ್ತು. ಹತ್ತರಲ್ಲಿ ಒಂಬತ್ತು ಜನ ಹೋದರೆಂದು ಹರ್ನ್ ಬರೆದಿದ್ದಾನೆ. ಕೋಟೆ ಬಿದ್ದ ಸುದ್ದಿ ಕೇಳಿ ಮಟೋನಾಬಿ ಕುತ್ತಿಗೆಗೆ ನೇಣು ಹಾಕಿಕೊಂಡ. ಅದೇ ಚಳಿಗಾಲದಲ್ಲಿ ಅವನ ಆರು ಹೆಂಡಿರೂ ನಾಲ್ಕು ಮಕ್ಕಳೂ ಉಪವಾಸ ಬಿದ್ದು ಸತ್ತರು. ಹಿಂದಿನ ಗವರ್ನರನ ಮಗಳು ಮೇರಿ ನಾರ್ಟನ್, ಹರ್ನ್ ಜೊತೆ ಬಾಳಿದವಳು, ಕೋಟೆಯೊಳಗೆ ಬೆಳೆದವಳು. ಕಾಡಿನಲ್ಲಿ ಬದುಕುವ ವಿದ್ಯೆ ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳೂ ಹಸಿವಿನಿಂದ ಸತ್ತಳು. ಹಡಗಿನಲ್ಲಿ ಅವಳಿಗೆ ಜಾಗ ಸಿಕ್ಕಿರಲಿಲ್ಲ. 1783ರಲ್ಲಿ ಹರ್ನ್ ಹಿಂತಿರುಗಿ ಬಂದಾಗ ಕೇಳಿದ ಸುದ್ದಿಗಳು ಇವು. ಕಂಪನಿ ಆ ಕಲ್ಲಿನ ಕೋಟೆಗೆ ಮತ್ತೆ ಕಾಲಿಡಲಿಲ್ಲ. ನದಿಯ ಮೇಲ್ಗಡೆ ಮರದ ಠಾಣೆ ಹಾಕಿಕೊಂಡಿತು.

ಒಂದೂ ಗುಂಡು ಹಾರದ ಕೋಟೆ ಎಂದು ನಕ್ಕೆವಲ್ಲ, ಅಷ್ಟು ಜನ ಸತ್ತದ್ದು ಅಲ್ಲಿ ಗುಂಡಿಲ್ಲದೆಯೇ. ನನಗೆ ನೋವಾದದ್ದು ಇದಕ್ಕೆ.

ಇನ್ನೂ ಒಂದು ಮಾತಿದೆ. ಕನ್ನಡಿಗರಾದ ನಾವಂತೂ ಇದನ್ನು ಮರೆಯಬಾರದು. ಲಾ ಪೆರೂಸ್ ಹಡ್ಸನ್ ಕೊಲ್ಲಿಗೆ ಬಂದ ಫ್ರೆಂಚ್-ಇಂಗ್ಲಿಷ್ ಯುದ್ಧವೂ ನಮ್ಮ ಹೈದರಾಲಿ ಇಂಗ್ಲಿಷರ ಮೇಲೆ ಹೂಡಿದ್ದ ಯುದ್ಧವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಚರ್ಚಿಲ್‌ಗೆ ಫ್ರೆಂಚ್ ಹಡಗು ಬರುವುದಕ್ಕೆ ಎರಡೇ ವಾರ ಮೊದಲು, 1782ರ ಜುಲೈ ಕೊನೆಯಲ್ಲಿ, ಫ್ರೆಂಚ್ ನೌಕಾಪತಿ ಸುಫ್ರಾಂ ಕಡಲೂರಿನಲ್ಲಿ ಹೈದರನನ್ನು ಭೇಟಿಯಾದ. ಆ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷ ಯುರೋಪಿನಲ್ಲಿ ಫ್ರೆಂಚರೂ ಇಂಗ್ಲಿಷರೂ ಕೈಕುಲುಕಿದ್ದೇ ತಡ, ಟಿಪ್ಪುವಿನ ಪಾಳೆಯದಲ್ಲಿದ್ದ ಫ್ರೆಂಚರು ಯುದ್ಧದಿಂದ ಕೈ ತೆಗೆದರು. ಟಿಪ್ಪು ಒಂಟಿಯಾಗಿ ಹೋರಾಡಿ 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದಕ್ಕೆ ಬಂದ. ಡೆನೆಗಳನ್ನು ಯಾರೂ ಒಪ್ಪಂದಕ್ಕೆ ಕರೆಯಲೇ ಇಲ್ಲ. ಒಂದೇ ಜಗಳದ ಎರಡು ತುದಿಗಳಲ್ಲಿ ನಮ್ಮ ಊರೂ ಅವರ ಊರೂ ಇದ್ದವು. ಬೋಳೂರಿನವಳಾದ ನನಗೇ ಇದು ಅರ್ಥವಾದದ್ದು ಅರವತ್ತು ದಾಟಿದ ಮೇಲೆ, ಆ ಗೋಡೆಯ ಮೇಲೆ ನಿಂತಾಗ.

ಮಾನ್ಯರೇ, ಇದು ಹಳೆಯ ಕತೆ, ಈಗೇಕೆ ಎಂದು ನೀವು ಕೇಳಬಹುದು. ಅದು ಹಳೆಯದಾಗಿಲ್ಲ. 1956ರಲ್ಲಿ ಕೆನಡಾ ಸರ್ಕಾರ ಸಯೀಸಿ ಡೆನೆ ಜನರನ್ನು ಅವರ ಬೇಟೆಯ ನೆಲದಿಂದ ಎಬ್ಬಿಸಿ ಚರ್ಚಿಲ್‌ಗೆ ತಂದು ಇಳಿಸಿತು. ಅವರು ಕ್ಯಾರಿಬೂ ಜಿಂಕೆಗಳನ್ನು ಮುಗಿಸುತ್ತಿದ್ದಾರೆ ಎಂಬುದು ಆಗಿನ ನೆಪ. ಸರಿಯಾದ ಮನೆಯಿಲ್ಲ, ಬೇಟೆಯಿಲ್ಲ, ಕೆಲಸವಿಲ್ಲ. ಸ್ಮಶಾನದ ಪಕ್ಕದ ಕ್ಯಾಂಪ್ 10ರಲ್ಲಿ, ಬಳಿಕ ಡೆನೆ ವಿಲೇಜ್ ಎಂಬಲ್ಲಿ ಅವರನ್ನು ಇರಿಸಿದರು. ಚಳಿ, ಬೆಂಕಿ, ಕುಡಿತ, ಹೊಡೆದಾಟಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 1973ರಲ್ಲಿ ಉಳಿದವರು ತಾವಾಗಿಯೇ ಟಡೂಲ್ ಸರೋವರದ ಕಡೆ ಹೊರಟುಹೋದರು. ಸರ್ಕಾರ ಕ್ಷಮೆ ಕೇಳಿದ್ದು 2016ರಲ್ಲಿ. ನಮ್ಮ ಬಸ್ಸು ಆ ದಾರಿಯ ಹತ್ತಿರದಲ್ಲೇ ಕರಡಿ ಹುಡುಕಿಕೊಂಡು ಹೋಯಿತು. ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ. ನನ್ನ ತಪ್ಪನ್ನೂ ಇಲ್ಲಿ ಸೇರಿಸಿಯೇ ಬರೆಯುತ್ತಿದ್ದೇನೆ.

ಆದುದರಿಂದ ನನ್ನ ಬೇಡಿಕೆಗಳು. ಚರ್ಚಿಲ್ ಪ್ರವಾಸ ಹಾಕುವವರು ಕೋಟೆಗೆ ಅರ್ಧ ದಿನವಾದರೂ ಇಡಿ. ಗಾಳಿ, ಮಂಜು, ನೀರಿನ ಏರಿಳಿತ ನೋಡಿಕೊಂಡು ದೋಣಿ ಬಿಡುವ ಜಾಗವದು. ಒಂದು ದಿನ ತಪ್ಪಿದರೆ ಇನ್ನೊಂದು ದಿನ ಕೈಯಲ್ಲಿರಲಿ. ಅದೇ ದಡದಲ್ಲಿ ಸ್ಲೂಪ್ ಕೋವ್ ಎಂಬ ಸಣ್ಣ ಕೊಲ್ಲಿ ಇದೆ. 1767ರ ಜುಲೈ 1 ಎಂದು ದಿನಾಂಕ ಹಾಕಿ ಹರ್ನ್ ಕೆತ್ತಿದ ಹೆಸರು ಬಂಡೆಯ ಮೇಲೆ ಈಗಲೂ ಓದಲು ಸಿಗುತ್ತದೆ. ಅಂದು ದೋಣಿಗಳನ್ನು ಕಟ್ಟಿ ನಿಲ್ಲಿಸುತ್ತಿದ್ದ ಆ ಕೊಲ್ಲಿಯಲ್ಲಿ ಇಂದು ಹುಲ್ಲು ಬೆಳೆದಿದೆ. ಹಿಮಯುಗದ ಭಾರ ಇಳಿದ ನೆಲ ಇನ್ನೂ ಮೇಲೇಳುತ್ತಲೇ ಇರುವುದರಿಂದ ಹಾಗಾಗಿದೆ. ಭೂಗೋಳದ ಮೇಷ್ಟ್ರು ಯಾರಾದರೂ ಜೊತೆಗಿದ್ದರೆ ಅಲ್ಲೇ ಒಂದು ತರಗತಿ ನಡೆಸಬಹುದು. ಮಕ್ಕಳನ್ನು ಫಿರಂಗಿಯ ಮೇಲೆ ಕೂರಿಸಬೇಡಿ. ಬಂಡೆಯ ಮೇಲೆ ನಮ್ಮ ಹೆಸರು ಗೀಚಲು ಯಾರನ್ನೂ ಬಿಡಬೇಡಿ.

ರೈಲಿನಲ್ಲಿ ಎರಡು ದಿನ ಅಂತ್ಯಾಕ್ಷರಿ ಆಡುತ್ತೇವೆ, ಆಡೋಣ. ಅದರ ನಡುವೆ ಒಂದು ಗಂಟೆ ಥಾನಾಡೆಲ್ತೂರ್, ಮಟೋನಾಬಿ, ಮೇರಿ ನಾರ್ಟನ್ ಇವರ ಕತೆ ಹೇಳಿಸಿ. ಡೆನೆ ವಿಲೇಜ್‌ನ ಸ್ಮಾರಕದ ಬಳಿ ಬಸ್ಸು ನಿಲ್ಲಿಸಿ, ಹತ್ತು ನಿಮಿಷ ಇಳಿದು ನಿಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಡೆನೆ, ಕ್ರೀ, ಮೇಟಿ, ಇನ್ಯೂಯಿಟ್ ಜನರೇ ಮಾರ್ಗದರ್ಶಿಗಳಾಗಿ ಸಿಗುವುದಾದರೆ ಅವರನ್ನೇ ಕರೆಯಿರಿ, ಅವರು ಕೇಳುವ ಸಂಬಳ ಚೌಕಾಸಿ ಮಾಡದೆ ಕೊಡಿ. ಅವರು ಮಾತಾಡುವಾಗ ನಮ್ಮವರು ಎದ್ದು ಹೋಗದ ಹಾಗೆ ನೋಡಿಕೊಳ್ಳುವುದು ಮುಖಂಡರ ಜವಾಬ್ದಾರಿ.

ಇನ್ನು ಮಾತಿನ ವಿಷಯ. ನಮ್ಮ ಕನ್ನಡದಲ್ಲಿ ಇನ್ನೂ "ರೆಡ್ ಇಂಡಿಯನ್ನರು", "ಎಸ್ಕಿಮೋಗಳು" ಎನ್ನುವ ರೂಢಿ ಇದೆ. ನಾನೂ ಪಾಠದಲ್ಲಿ ಹಾಗೆಯೇ ಹೇಳಿದವಳು. ಅವರವರ ಹೆಸರು ಅವರವರಿಗೆ ಇದೆ. ಡೆನೆ ಎಂದರೆ ಅವರ ಭಾಷೆಯಲ್ಲಿ ಜನ ಎಂದೇ ಅರ್ಥ. ಸಂಘಗಳ ಪತ್ರಿಕೆಗಳಲ್ಲಿ, ಕರಪತ್ರಗಳಲ್ಲಿ, ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಆ ಹೆಸರುಗಳನ್ನೇ ಬಳಸಿ. ಆ ತರಗತಿಗಳಲ್ಲಿ ಹೈದರ್, ಟಿಪ್ಪು ಬರುವ ಪಾಠಕ್ಕೆ 1782ರ ಈ ತುದಿಯನ್ನೂ ಸೇರಿಸಿ. ಇಲ್ಲೇ ಹುಟ್ಟಿದ ಮಕ್ಕಳಿಗೆ ಶ್ರೀರಂಗಪಟ್ಟಣ ದೂರದ ಊರು, ಚರ್ಚಿಲ್ ಅವರದೇ ದೇಶ. ಇವೆರಡನ್ನೂ ಒಂದೇ ದಾರದಲ್ಲಿ ಕಟ್ಟಿಕೊಟ್ಟರೆ ಪಾಠ ಅವರ ಮನಸ್ಸಿಗೆ ಇಳಿಯುತ್ತದೆ.

2025ರ ಜೂನಿನಲ್ಲಿ ಹಡ್ಸನ್ಸ್ ಬೇ ಕಂಪನಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಆಗ ನಮ್ಮವರು ಹಲವರು ಆ ಪಟ್ಟೆ ಪಟ್ಟೆಯ ಕಂಬಳಿಯನ್ನು ನೆನಪಿಗೆಂದು ಕೊಂಡುಕೊಂಡರು. ನನ್ನ ಸೊಸೆಯೂ ಒಂದು ತಂದಳು. ಆ ಕಂಬಳಿ ಹೊದ್ದು ಕೂತಾಗ ಮಕ್ಕಳಿಗೆ ಹೇಳಲು ನಮ್ಮ ಭಾಷೆಯಲ್ಲಿ ಒಂದು ಪುಸ್ತಿಕೆಯಾದರೂ ಇರಬೇಡವೆ? ಮೂವತ್ತು ಪುಟದಷ್ಟು ಸಾಕು. ಕರಡು ನಾನು ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಅಚ್ಚು ಹಾಕಿಸುವ ಮೊದಲು ಡೆನೆ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರು ತಿದ್ದಿ ಎಂದದ್ದನ್ನು ತಿದ್ದಬೇಕು. ಅದೊಂದೇ ನನ್ನ ಷರತ್ತು. ಖರ್ಚನ್ನು ಸಂಘಗಳು ಹಂಚಿಕೊಳ್ಳಬೇಕೆಂದು ವಿನಂತಿ.

ಈ ಪತ್ರವನ್ನು ದಯವಿಟ್ಟು ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಓದಿಸಿ. ಬೇಸಿಗೆಯ ಪ್ರವಾಸಪಟ್ಟಿ ಅಚ್ಚಾಗುವ ಮೊದಲು ಒಂದು ಉತ್ತರ ಬಂದರೆ ಸಂತೋಷ. ಆ ಹುಡುಗನ ಮನೆಯವರು ಇದನ್ನು ಓದಿದರೆ ನನಗೆ ತಿಳಿಸಿ. ಪುಸ್ತಿಕೆಯ ಮೊದಲ ಪುಟದಲ್ಲಿ ಅವನ ಪ್ರಶ್ನೆಯನ್ನೇ ಇಡಬೇಕೆಂದಿದ್ದೇನೆ, ಅವನನ್ನು ಕೇಳಿಯೇ ಇಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ವಿನ್ನಿಪೆಗ್‌ನಲ್ಲಿರುವ ಬೋಳೂರಿನ ಒಬ್ಬ ನಿವೃತ್ತ ಶಿಕ್ಷಕಿ